ಮಕ್ಕಳಿಗೂ ರಜೆ, ಜಲಪಾತಕ್ಕೂ ರಜೆ: ಬೇಸಿಗೆಯಲ್ಲಿ ನಮ್ಮ ಜಿಲ್ಲೆಯವರು ಎಲ್ಲಿಗೆ ಹೋಗಬೇಕು?

ಹೋದ ವರ್ಷ ಏಪ್ರಿಲ್ ಕೊನೆಯಲ್ಲಿ ಅಕ್ಕನ ಮಗ ಕಾರವಾರದಿಂದ ಶಿರಸಿಗೆ ಬಂದಿದ್ದ. ಐದನೇ ತರಗತಿ ಮುಗಿಸಿದ ಹುಡುಗ. ಬಂದ ಮರುದಿನವೇ ಜಲಪಾತ ತೋರಿಸು ಅಂತ ಹಟ ಹಿಡಿದ. ಸರಿ, ಸ್ಕೂಟರಿನಲ್ಲಿ ಕೂರಿಸಿಕೊಂಡು ಸಿದ್ದಾಪುರದ ಕಡೆಗೆ ಹೊರಟೆ. ಬಿಸಿಲಲ್ಲಿ ಒಂದೂವರೆ ತಾಸು, ಆಮೇಲೆ ಮಣ್ಣುರಸ್ತೆ, ಆಮೇಲೆ ಇಳಿಜಾರಿನ ಕಾಲುದಾರಿ. ಕೆಳಗೆ ಮುಟ್ಟಿದರೆ ಎದುರಿಗೆ ದೊಡ್ಡ ಕರಿಬಂಡೆ, ಅದರ ಮೇಲೆ ಯಾರೋ ನಲ್ಲಿ ಸರಿಯಾಗಿ ತಿರುಗಿಸದೆ ಬಿಟ್ಟ ಹಾಗೆ ಒಂದೇ ಒಂದು ಎಳೆ ನೀರು. "ಮಾವಾ, ಇಲ್ಲಿ ನೀರೇ ಇಲ್ಲೆ" ಅಂದ. ನಾನು ಫೋನ್ ತೆಗೆದು ಜುಲೈ ತಿಂಗಳ ಫೋಟೋ ತೋರಿಸಿದೆ. ಇದನ್ನು ಮನೆಯಲ್ಲೇ ತೋರಿಸಬಹುದಿತ್ತಲ್ಲ ಅನ್ನುವ ಮುಖ ಮಾಡಿದ.

ತಪ್ಪು ನನ್ನದೇ ಬಿಡಿ. ಶಿರಸಿಯಲ್ಲಿ ಹುಟ್ಟಿ ಬೆಳೆದವನಿಗೆ ಅಷ್ಟಾದರೂ ಗೊತ್ತಿರಬೇಕಿತ್ತು. ಆದರೆ ಆವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ. ಜಲಪಾತ, ಕಡಲು, ಕಾಡು, ಕೋಟೆ, ದೇವಸ್ಥಾನ ಎಲ್ಲವೂ ಇರುವ ಜಿಲ್ಲೆ ನಮ್ಮ ಉತ್ತರ ಕನ್ನಡ. ಬೆಂಗಳೂರಿನವರು ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಇಲ್ಲಿಗೆ ಬರುತ್ತಾರೆ. ಹಾಗಿರುವಾಗ ಇಲ್ಲೇ ಇರುವ ಒಂದು ಮನೆಯವರು ಮೇ ತಿಂಗಳಲ್ಲಿ ಬೆಳಿಗ್ಗೆ ಹೊರಟು, ಜಾಸ್ತಿ ದುಡ್ಡು ಖರ್ಚು ಮಾಡದೆ, ರಾತ್ರಿ ಮನೆಗೆ ಬಂದು ಮಲಗುವ ಹಾಗೆ ತಿರುಗಾಡುವುದು ಯಾಕೆ ಇಷ್ಟು ಕಷ್ಟ?

ಮೊದಲ ಕಾರಣ ಕ್ಯಾಲೆಂಡರು. ಶಾಲೆಗೆ ರಜೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯ ವಾರದವರೆಗೆ. ಮಳೆ ನಮ್ಮಲ್ಲಿ ಬೀಳುವುದು ಹೆಚ್ಚುಕಡಿಮೆ ಪೂರ್ತಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅಂದರೆ ಮಕ್ಕಳು ಖಾಲಿ ಇರುವ ಹೊತ್ತಿಗೆ ಹೊಳೆಯೂ ಖಾಲಿ. ಜೋಗದ್ದು ಬೇರೆ ಕಥೆ. ಅಲ್ಲಿ ಶರಾವತಿಯ ನೀರು 1964ರಿಂದ ಲಿಂಗನಮಕ್ಕಿ ಅಣೆಕಟ್ಟೆಯಲ್ಲಿ ನಿಲ್ಲುತ್ತದೆ, ಅಲ್ಲಿಂದ ವಿದ್ಯುದಾಗಾರಕ್ಕೆ ಹೋಗುತ್ತದೆ, ಉಳಿದದ್ದು ನೋಡುವವರಿಗೆ. ಅಘನಾಶಿನಿಗೆ ಅಣೆಕಟ್ಟೆಯೇ ಇಲ್ಲ. ಹಾಗಾಗಿ 116 ಮೀಟರಿನ ಉಂಚಳ್ಳಿ ಬೇಸಿಗೆಯಲ್ಲಿ ಪೂರ್ತಿ ಒಣಗುವುದಿಲ್ಲ, ಆದರೆ ಸೊರಗುತ್ತದೆ. ಮೇಲಿನ ಅಡಿಕೆ ತೋಟಗಳಿಗೂ ಅದೇ ತಿಂಗಳು ನೀರು ಬೇಕು ತಾನೇ. ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಅಂತ ಉಂಚಳ್ಳಿಗೆ ಕೆಪ್ಪ ಜೋಗ ಅನ್ನುವ ಹೆಸರೂ ಇದೆ. ಏಪ್ರಿಲ್‌ನಲ್ಲಿ ಹೋದರೆ ಪಕ್ಕದವರು ಚಿಪ್ಸ್ ಪ್ಯಾಕೆಟ್ ಒಡೆದದ್ದೂ ಕೇಳಿಸುತ್ತದೆ.

ಮಳೆಗಾಲದಲ್ಲಿ ಹೋಗೋಣ ಅಂದರೆ ಶಾಲೆ ಇರುತ್ತದೆ, ಕಾಲಿಗೆ ಉಂಬಳ ಹತ್ತುತ್ತದೆ, ಮಳೆ ಜೋರಾದರೆ ಜಲಪಾತಕ್ಕೆ ಹೋಗುವುದನ್ನೇ ಜಿಲ್ಲಾಡಳಿತ ನಿಷೇಧಿಸುತ್ತದೆ. ಮೊದಲೆಲ್ಲ ಈ ನಿಷೇಧ ಅಂದರೆ ನಮಗೆ ಸಿಟ್ಟು ಬರುತ್ತಿತ್ತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ಹೆದ್ದಾರಿ ಬದಿಯ ಚಹಾದಂಗಡಿ ಹತ್ತಿರ ಇದ್ದವರನ್ನು ಗಂಗಾವಳಿ ಹೊಳೆಗೆ ತಳ್ಳಿದ ಮೇಲೆ ಯಾರಿಗೂ ಆ ಸಿಟ್ಟು ಉಳಿದಿಲ್ಲ. ನಿಜ ಹೇಳಬೇಕೆಂದರೆ ಜಲಪಾತ ನೋಡುವ ಕಾಲ ದಸರಾ ರಜೆ. ನೀರು ಇರುತ್ತದೆ, ಮಳೆ ಇಳಿದಿರುತ್ತದೆ, ಶಾಲೆಯೂ ಇರುವುದಿಲ್ಲ. ಬೇಸಿಗೆಗೆ ಜಲಪಾತ ಇಟ್ಟುಕೊಳ್ಳುವುದನ್ನು ನಾವು ಬಿಟ್ಟುಬಿಡಬೇಕು. ಇದು ನನ್ನ ಮೊದಲ ತೀರ್ಮಾನ, ಸ್ಕೂಟರಿನ ಪೆಟ್ರೋಲು ಕೊಟ್ಟು ಕಲಿತದ್ದು.

ಎರಡನೇ ಕಾರಣ ಗೋವಾ ಪಕ್ಕದಲ್ಲಿಟ್ಟು ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ಗೋವಾ ಒಂದು ಸಣ್ಣ ರಾಜ್ಯ, 3,702 ಚದರ ಕಿ.ಮೀ. ನಮ್ಮದು ಒಂದು ಜಿಲ್ಲೆ, ಆದರೆ ವಿಸ್ತೀರ್ಣ ಹತ್ತು ಸಾವಿರ ಚದರ ಕಿ.ಮೀ. ದಾಟುತ್ತದೆ. ಜನ ಮಾತ್ರ ಹತ್ತಿರ ಹತ್ತಿರ ಸಮ. 2011ರ ಜನಗಣತಿಯಲ್ಲಿ ಗೋವಾದ್ದು 14,58,545, ನಮ್ಮದು 14,37,169. ಅಲ್ಲಿ ಅಷ್ಟು ಜನಕ್ಕೆ 40 ಶಾಸಕರು, ಸ್ವಂತ ಸರ್ಕಾರ, ಸ್ವಂತ ಪ್ರವಾಸೋದ್ಯಮ ಇಲಾಖೆ. ಇಲ್ಲಿ ಇಷ್ಟು ಜನಕ್ಕೆ 6 ಶಾಸಕರು. ಗೋವಾದ ಉತ್ತರದ ತುದಿಯಿಂದ ದಕ್ಷಿಣದ ತುದಿಗೆ ಸುಮಾರು ನೂರು ಕಿ.ಮೀ., ಯಾವ ಮೂಲೆಯಲ್ಲಿದ್ದರೂ ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು. ನಮ್ಮಲ್ಲಿ ಭಟ್ಕಳದವರು ಹಳಿಯಾಳಕ್ಕೆ ಹೋಗಬೇಕೆಂದರೆ ಇನ್ನೂರು ಕಿ.ಮೀ. ಆಸುಪಾಸು, ನಡುವೆ ಒಂದು ಘಟ್ಟ ಬೇರೆ. ಹನ್ನೆರಡು ತಾಲೂಕು, ಮುಕ್ಕಾಲು ಭಾಗದಷ್ಟು ಕಾಡು. ನಕ್ಷೆಯಲ್ಲಿ 40 ಕಿ.ಮೀ. ಅಂತ ಕಂಡದ್ದು ತಿರುವಿನ ಮೇಲೆ ತಿರುವು ಹತ್ತಿ ಒಂದೂವರೆ ತಾಸು ಆಗುತ್ತದೆ, ಹಿಂದಿನ ಸೀಟಿನಲ್ಲಿ ಕೂತ ಮಗು ಎರಡು ಸಲ ವಾಂತಿಯನ್ನೂ ಮಾಡುತ್ತದೆ.

ಹಾಗಾಗಿಯೇ ಕಾರವಾರದವರಿಗೆ ಒಂದು ದಿನದ ತಿರುಗಾಟ ಅಂದರೆ ಮೊದಲು ನೆನಪಾಗುವುದು ಮಡಗಾಂವ್. ಎಪ್ಪತ್ತು ಕಿ.ಮೀ. ಆಸುಪಾಸು, ಘಟ್ಟ ಹತ್ತುವ ಕೆಲಸವಿಲ್ಲ, ಬಸ್ಸೂ ಇದೆ, ರೈಲೂ ಇದೆ. ಇದರಲ್ಲೊಂದು ತಮಾಷೆ ಇದೆ ನೋಡಿ. ಗೋವಾ ಸರ್ಕಾರಿ ಬಸ್ಸಿನ ಹೆಸರು ಕದಂಬ. ಗೋವಾ ಆಳಿದ ಕದಂಬರದ್ದು ಬನವಾಸಿ ಕದಂಬರ ಹೆಸರು ಹೊತ್ತ ಕವಲು. ಕದಂಬ ಬಸ್ಸು ಹತ್ತಿ ಮಡಗಾಂವ್‌ಗೆ ಹೋಗಿ ಸಾಮಾನು ತರುವುದು ಕಾರವಾರದವರಿಗೆ ಸುಲಭ. ಕದಂಬರ ಊರಾದ ಬನವಾಸಿ, ಅದೂ ತಮ್ಮದೇ ಜಿಲ್ಲೆಯಲ್ಲಿದ್ದದ್ದು, ಅದಕ್ಕೆ ಎರಡು ಪಟ್ಟು ದೂರ. ನನ್ನ ಅಕ್ಕ ಮದುವೆಯಾಗಿ ಕಾರವಾರಕ್ಕೆ ಹೋಗಿ ಹದಿನಾಲ್ಕು ವರ್ಷವಾಯಿತು, ಭಾವ ಇನ್ನೂ ಬನವಾಸಿ ನೋಡಿಲ್ಲ. ಗೋವಾದ ಸಂತೆ ಮಾತ್ರ ಒಂದೂ ಬಿಟ್ಟಿಲ್ಲ.

ಈ ಮಡಗಾಂವ್ ದಾರಿಯೂ ಮೊದಲಿನಷ್ಟು ಸಲೀಸಲ್ಲ. 2024ರ ಆಗಸ್ಟ್‌ನಲ್ಲಿ ಕಾಳಿ ಹೊಳೆಯ ಹಳೆ ಸೇತುವೆ ರಾತ್ರೋರಾತ್ರಿ ಕುಸಿಯಿತು. ಹೋಗುವ ಬರುವ ಗಾಡಿಗಳೆಲ್ಲ ಹೊಸ ಸೇತುವೆಯ ಮೇಲೇ ಬಿದ್ದವು. ಊರಿನ ಪಕ್ಕದ ಕಡಲಾದರೂ ಪೂರ್ತಿ ಸಿಗುತ್ತದಾ ಅಂದರೆ ಅದೂ ಇಲ್ಲ. ಸೀಬರ್ಡ್ ನೌಕಾನೆಲೆಗೆ ಕಾರವಾರ-ಅಂಕೋಲಾ ನಡುವಿನ ಕಡಲಂಚಿನ ಉದ್ದನೆಯ ಪಟ್ಟಿ ಹೋಗಿದೆ. ನೆಲೆ 2005ರಲ್ಲಿ ಶುರುವಾಯಿತು. ದೇಶಕ್ಕೆ ಬೇಕಿತ್ತು, ಸರಿ. ಆದರೆ ಅರಗಾದ ಕಡಲು ನೋಡಿದ ಹಿರಿಯರು ಈಗಲೂ ಅದರ ಸುದ್ದಿ ಎತ್ತಿದರೆ ಸ್ವಲ್ಪ ಹೊತ್ತು ಸುಮ್ನಾಗುತ್ತಾರೆ. ಕಾರವಾರ ಪೇಟೆಯವರಿಗೆ ಸಂಜೆ ಅಂತ ಉಳಿದದ್ದು ಟ್ಯಾಗೋರ್ ಕಡಲತೀರ ಮತ್ತು ಅಲ್ಲಿ ನಿಂತಿರುವ ಯುದ್ಧನೌಕೆ ಐಎನ್‌ಎಸ್ ಚಾಪಲ್. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ವರ್ಷಕ್ಕೆ ನೂರು ಸಲ ಅದೇ ಹಡಗು ಹತ್ತಿ ಇಳಿಯಲಿಕ್ಕಾಗುತ್ತದಾ?

ಮೂರನೆಯದು ಸೆಕೆ. ಕಾರವಾರದಲ್ಲಿ 34 ಡಿಗ್ರಿ, ಶಿರಸಿಯಲ್ಲಿ 36 ಅಂತ ಮೊಬೈಲು ತೋರಿಸಿದ ದಿನವೂ ಸುಸ್ತಾಗುವುದು ಕಾರವಾರದವರೇ. ಗಾಳಿಯಲ್ಲಿ ನೀರಿನ ಪಸೆ ಜಾಸ್ತಿ ಇದ್ದರೆ ಮೈಮೇಲಿನ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಮಧ್ಯಾಹ್ನ ಉರಿದರೂ ರಾತ್ರಿ ಹೊದಿಕೆ ಬೇಕಾಗುತ್ತದೆ. ಆದ್ದರಿಂದ ಘಟ್ಟದ ಮೇಲಿನವರು ಮತ್ತು ಘಟ್ಟದ ಕೆಳಗಿನವರು ಒಂದೇ ಪಟ್ಟಿ ಹಿಡಿದುಕೊಂಡು ತಿರುಗಿದರೆ ಒಬ್ಬರಿಗೆ ಖಂಡಿತ ಸೆಕೆಯೇ ಗತಿ. ಕೆಳಗಿನವರು ಬೆಳಗಿನ ಜಾವ ಹೊರಟು ಮಧ್ಯಾಹ್ನದ ಹೊತ್ತು ಮೇಲಿನ ನೆರಳಿನಲ್ಲಿರಬೇಕು. ಮೇಲಿನವರು ಸಾವಕಾಶ ಹೊರಟು ನಾಲ್ಕು ಗಂಟೆಯ ಮೇಲೆ ಕಡಲ ಬೇಲೆಗೆ ಇಳಿಯಬೇಕು. ನಾವು ಮಾಡುವುದು ತದ್ವಿರುದ್ಧ. ಶಿರಸಿಯಿಂದ ಬೆಳಿಗ್ಗೆ ಎಂಟಕ್ಕೆ ಹೊರಟು ಸರಿಯಾಗಿ ಹನ್ನೆರಡು ಗಂಟೆಗೆ ಗೋಕರ್ಣದ ಮರಳಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಕುಣಿಯುತ್ತೇವೆ.

ಬೇಸಿಗೆಯೇ ತೋರಿಸುವ ಜಾಗಗಳು

ಪ್ರವಾಸೋದ್ಯಮದ ಪೋಸ್ಟರಿನಲ್ಲಿ ನಮ್ಮ ಜಿಲ್ಲೆ ಯಾವಾಗಲೂ ಹಸಿರು, ಯಾವಾಗಲೂ ಒದ್ದೆ. ಆದರೆ ಕೆಲವು ಜಾಗಗಳು ನೀರು ಇಳಿದಾಗಲೇ ಕಾಣುವಂಥವು. ಶಿರಸಿಯಿಂದ ಹದಿನೈದು ಕಿ.ಮೀ. ಆಸುಪಾಸಿನಲ್ಲಿರುವ ಸಹಸ್ರಲಿಂಗವನ್ನೇ ತೆಗೆದುಕೊಳ್ಳಿ. ಸೋಂದೆ ಅರಸ ಸದಾಶಿವರಾಯನ ಕಾಲದಲ್ಲಿ ಶಾಲ್ಮಲಾ ಹೊಳೆಯ ಬಂಡೆಗಳ ಮೇಲೇ ಲಿಂಗ, ನಂದಿ ಕೆತ್ತಿದ್ದಾರೆ. ಮಳೆಗಾಲದಲ್ಲಿ ಹೋದರೆ ಕಾಣುವುದು ಕೆಂಪು ನೀರು ಮಾತ್ರ. ಹೊಳೆ ಇಳಿದ ಹಾಗೆ ಒಂದೊಂದೇ ಲಿಂಗ ಮೇಲೆ ಬರುತ್ತದೆ, ಬೇಸಿಗೆಯಲ್ಲಿ ಬಂಡೆಯಿಂದ ಬಂಡೆಗೆ ಕಾಲಿಟ್ಟು ನೋಡಬಹುದು. ಮಕ್ಕಳಿಗೆ ಎಣಿಸಲು ಹೇಳಿದರೆ ಎರಡು ತಾಸು ನಿಮ್ಮ ತಂಟೆಗೆ ಬರುವುದಿಲ್ಲ. ಅಲ್ಲಿಂದ ಸೋಂದೆ ಹತ್ತಿರ. ಬನವಾಸಿ ಬೇರೆ ದಿಕ್ಕು, ಶಿರಸಿಯಿಂದ ಇಪ್ಪತ್ತಮೂರು ಕಿ.ಮೀ. ಆಸುಪಾಸು. ಮಧುಕೇಶ್ವರ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬೆಳಿಗ್ಗೆ ಕೂತರೆ ಏಳುವ ಮನಸ್ಸಾಗುವುದಿಲ್ಲ, ಬರುವ ದಾರಿಯಲ್ಲಿ ಅನಾನಸು ಸಿಗುತ್ತದೆ.

ಯಾಣವೂ ಹಾಗೆಯೇ. ಸೊಕ್ಕಿದ್ದವರು ಯಾಣಕ್ಕೆ, ರೊಕ್ಕಿದ್ದವರು ಗೋಕರ್ಣಕ್ಕೆ ಅಂತ ನಮ್ಮಲ್ಲಿ ಹಳೆ ಮಾತಿದೆ. ಯಾಣಕ್ಕೆ ಹೋಗಲು ಕಾಡಿನಲ್ಲಿ ತಾಸುಗಟ್ಟಲೆ ನಡೆಯಬೇಕಿದ್ದ ಕಾಲದ ಮಾತು ಅದು. ಈಗ ಗಾಡಿ ಹತ್ತಿರದವರೆಗೆ ಹೋಗುತ್ತದೆ, ಸೊಕ್ಕು ಬೇಕಾಗಿಲ್ಲ. 120 ಮೀಟರಿನ ಭೈರವೇಶ್ವರ ಶಿಖರ, 90 ಮೀಟರಿನ ಮೋಹಿನಿ ಶಿಖರ. ಸುಣ್ಣಕಲ್ಲಿನ ಈ ಬಂಡೆಗಳ ಸಂದಿಯಲ್ಲಿ ಮೇ ತಿಂಗಳಲ್ಲೂ ತಣ್ಣಗಿರುತ್ತದೆ. ಗೋಕರ್ಣಕ್ಕೆ ಮಾತ್ರ ಈಗ ಮೊದಲಿಗಿಂತ ಜಾಸ್ತಿ ರೊಕ್ಕ ಬೇಕು, ಅದರಲ್ಲೂ ಶನಿವಾರ ಭಾನುವಾರ.

ನನ್ನನ್ನು ಕೇಳಿದರೆ ಬೇಸಿಗೆಗೇ ಅಂತ ಇರುವ ಜಾಗ ಸಾಣಿಕಟ್ಟೆಯ ಉಪ್ಪಿನ ಆಗರ. ಗೋಕರ್ಣಕ್ಕೆ ಹೋಗುವವರು ಬಸ್ಸಿನ ಕಿಟಕಿಯಿಂದ ನೋಡಿ ಗದ್ದೆ ಅಂದುಕೊಂಡು ಮುಂದೆ ಹೋಗುತ್ತಾರೆ. ಅಘನಾಶಿನಿಯ ಅಳಿವೆಯಿಂದ ಉಬ್ಬರದ ಉಪ್ಪುನೀರನ್ನು ಒಳಗೆ ಬಿಟ್ಟುಕೊಂಡು, ಒಂದು ಪಾತಿಯಿಂದ ಇನ್ನೊಂದಕ್ಕೆ ಹರಿಸುತ್ತ ಬಿಸಿಲಿಗೆ ಗಟ್ಟಿ ಮಾಡುತ್ತಾರೆ, ಕೊನೆಯ ಪಾತಿಯಲ್ಲಿ ಉಪ್ಪು ಹರಳುಗಟ್ಟುತ್ತದೆ, ಅದನ್ನು ಎಳೆದು ರಾಶಿ ಮಾಡುತ್ತಾರೆ. ಬೇಕಾದದ್ದು ಬಿಸಿಲು, ಗಾಳಿ, ಮಳೆ ಇಲ್ಲದ ದಿನ. ಮೊದಲ ಮಳೆ ಬಿತ್ತೋ, ಆ ವರ್ಷದ ಕೆಲಸ ಮುಗಿಯಿತು. ನಮಗೆ ಶಾಪ ಅನಿಸುವ ಬಿಸಿಲೇ ಅಲ್ಲಿ ಬಂಡವಾಳ. 1930ರಲ್ಲಿ ಅಂಕೋಲೆಯ ಜನ ಉಪ್ಪಿನ ಸತ್ಯಾಗ್ರಹ ಮಾಡಿದ್ದು ಯಾಕೆ, ಉಪ್ಪು ಅಂದರೆ ಈ ಕರಾವಳಿಗೆ ಏನು ಅನ್ನುವುದು ಪಾಠದಲ್ಲಿ ಓದಿದ್ದಕ್ಕಿಂತ ಈ ಬಯಲಿನ ಬದಿಯಲ್ಲಿ ಹತ್ತು ನಿಮಿಷ ನಿಂತರೆ ಚೆನ್ನಾಗಿ ಗೊತ್ತಾಗುತ್ತದೆ. ಒಂದು ಮಾತು ನೆನಪಿರಲಿ, ಅದು ಜನ ದುಡಿಯುವ ಜಾಗ. ಕೇಳಿಕೊಂಡು ಹೋಗಬೇಕು, ಬದುವಿನ ಮೇಲೆ ಮಾತ್ರ ನಡೆಯಬೇಕು, ರಾಶಿ ಹತ್ತಿ ಸೆಲ್ಫಿ ತೆಗೆಯಬಾರದು.

ಅಘನಾಶಿನಿಯದ್ದೇ ಒಂದು ಇಡೀ ದಿನ ಮಾಡಬಹುದು. ಹೊಳೆಯ ಒಂದು ಮೂಲ ಶಿರಸಿ ಪೇಟೆಯ ಶಂಕರಹೊಂಡ. ಪೇಟೆಗೆ ದಿನಾ ಬರುವ ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ. ಅಲ್ಲಿ ನೀರು ಮುಟ್ಟಿ ಹೊರಡಿ. ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ ಅಘನಾಶಿನಿ ಊರು, ಅಲ್ಲಿ ದೋಣಿ ಹತ್ತಿ ಆಚೆ ದಡದ ತದಡಿ. ಈ ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟ ಸಿಕ್ಕಿದೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ ಹೆಸರು ಸೇರಿದೆ. ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು, ಇಳಿತದ ಹೊತ್ತಿಗೆ ಸೊಂಟದುದ್ದ ನೀರಿನಲ್ಲಿ ನಿಂತು ಬಳಚು ಅಂದರೆ ಚಿಪ್ಪುಮೀನು ಆರಿಸುವವರು, ಉಪ್ಪುನೀರಿನಲ್ಲೇ ಬೆಳೆಯುವ ಕಗ್ಗ ಭತ್ತದ ಗಜನಿ ಭೂಮಿ, ಎಲ್ಲ ಇದೇ ಸುತ್ತಿನಲ್ಲಿ. ಹೊನ್ನಾವರದವರಿಗೆ ಇಷ್ಟು ದೂರವೂ ಬೇಡ, ಶರಾವತಿ ಅಳಿವೆಯಲ್ಲೇ ಕಾಂಡ್ಲಾ ನಡುವೆ ಹಲಗೆಯ ದಾರಿ ಇದೆ. ಪಕ್ಕದ ಕಾಸರಕೋಡ ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್, ಅಂದರೆ ಶುಚಿಯಾದ, ಸುರಕ್ಷಿತ ಕಡಲತೀರ ಅನ್ನುವ ಅಂತರರಾಷ್ಟ್ರೀಯ ಗುರುತು ಸಿಕ್ಕಿದೆ.

ಮೇ ತಿಂಗಳು ಅಂಕೋಲೆಯದ್ದು. ಕರಿ ಇಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ಮೇಲೆ ಹೊರಗಿನವರಿಗೂ ಅದರ ಹೆಸರು ಗೊತ್ತಾಗಿದೆ. ಆದರೆ ಸಿಪ್ಪೆ ತೆಳ್ಳಗೆ, ಹಣ್ಣು ಜಾಸ್ತಿ ದಿನ ತಡೆಯುವುದಿಲ್ಲ, ದೂರಕ್ಕೆ ಹೋಗುವುದು ಕಷ್ಟ. ಅಂದರೆ ತಿನ್ನುವ ಭಾಗ್ಯ ಹತ್ತಿರದವರಿಗೇ ಜಾಸ್ತಿ. ಹಾಲಕ್ಕಿ ಹೆಂಗಸರು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾರೆ, ಅಲ್ಲಿ ಚೌಕಾಶಿ ಮಾಡಲು ನನಗಂತೂ ಬಾಯಿ ಬರುವುದಿಲ್ಲ. ವೈಶಾಖದ ಹುಣ್ಣಿಮೆ ಹೊತ್ತಿಗೆ ಬಂಡಿಹಬ್ಬ. ಹಣ್ಣು, ಹಬ್ಬ ಎರಡೂ ಒಂದೇ ದಿನ ಸಿಗುವ ಊರು ಇನ್ನೊಂದು ನನಗೆ ಗೊತ್ತಿಲ್ಲ.

ದಾಂಡೇಲಿ-ಗಣೇಶಗುಡಿಯ ರ್‍ಯಾಫ್ಟಿಂಗ್ ಬೇಸಿಗೆಯಲ್ಲೂ ಹೇಗೆ ನಡೆಯುತ್ತದೆ ಅಂತ ಜನ ಕೇಳುತ್ತಾರೆ. ಉತ್ತರ ಸರಳ. ಕಾಳಿಗೆ ಸೂಪಾದಲ್ಲಿ 101 ಮೀಟರಿನ ಅಣೆಕಟ್ಟೆ ಇದೆ, ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಕೆಳಗಿನ ಹೊಳೆ ಓಡುತ್ತದೆ. ನಾವು ಮನೆಯಲ್ಲಿ ಫ್ಯಾನು ಹಾಕಿದ್ದಕ್ಕೆ ಅಲ್ಲಿ ದೋಣಿ ತೇಲುತ್ತದೆ ಅಂದುಕೊಳ್ಳಿ. ಆದರೆ ಸ್ಥಳೀಯ ಕುಟುಂಬಕ್ಕೆ ಅದು ದುಬಾರಿ ಆಟ, ವರ್ಷಕ್ಕೊಮ್ಮೆ ಆದೀತು ಅಷ್ಟೆ. ಅಣೆಕಟ್ಟೆಯ ಕೆಳಗಿನ ಹೊಳೆಗೆ ಸುಮ್ನೆ ಈಜಲು ಇಳಿಯುವುದು ಮಾತ್ರ ಬೇಡವೇ ಬೇಡ, ನೀರು ಬಿಟ್ಟರೆ ಮಟ್ಟ ಏರುತ್ತದೆ.

ಅಂಜಬೇಕಾದದ್ದು

ಕಡಲಿನ ವಿಷಯದಲ್ಲಿ ನಮಗೊಂದು ಹುಂಬ ಧೈರ್ಯ ಇದೆ. ಮುಳುಗುವವರು ಹೊರಗಿನವರು, ನಾವು ಇಲ್ಲಿಯವರು, ನಮಗೆ ಗೊತ್ತು ಅಂತ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ತೀರಿಕೊಂಡಾಗಲೂ ಇದೇ ಮಾತು ಕೇಳಿದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಕಡಲು ಎಷ್ಟು ಗೊತ್ತು? ಹೊಳೆಯಲ್ಲಿ ಈಜಿದವನಿಗೆ ಕಡಲಿನ ಸೆಳೆತ ಗೊತ್ತಿರುವುದಿಲ್ಲ.

ಆ ಸೆಳೆತ ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ಸಲ ತಿಳಿದುಕೊಂಡರೆ ಕಣ್ಣಿಗೆ ಕಾಣತೊಡಗುತ್ತದೆ. ಅಲೆಗಳು ದಡಕ್ಕೆ ತಂದು ಹಾಕಿದ ನೀರು ವಾಪಸ್ ಹೋಗಲೇಬೇಕು. ಅದು ಮರಳಿನ ದಿಬ್ಬಗಳ ನಡುವಿನ ಇಕ್ಕಟ್ಟಾದ ಜಾಗ ಹುಡುಕಿ ಅಲ್ಲಿಂದ ಜೋರಾಗಿ ಓಡುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ, ನೀರು ಶಾಂತವಾಗಿದ್ದ ಹಾಗೆ ಕಾಣುತ್ತದೆ, ಬಣ್ಣ ಸ್ವಲ್ಪ ಗಾಢ. ಮಕ್ಕಳನ್ನು ಕರೆದುಕೊಂಡು ಬಂದವರು ಇಲ್ಲಿ ಅಲೆ ಕಡಿಮೆ ಇದೆ ಅಂತ ಸರಿಯಾಗಿ ಅದೇ ಜಾಗ ಆರಿಸುತ್ತಾರೆ. ಸಿಕ್ಕಿಬಿದ್ದರೆ ದಡದ ಕಡೆಗೆ ಈಜಿ ದಣಿಯಬಾರದು, ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿಯಬೇಕು. ಇನ್ನು ಮೇ ನಡುವಿನಿಂದ ಕಡಲಿನ ಸ್ವಭಾವವೇ ಬದಲಾಗುತ್ತದೆ, ಮೋಡ ಕಾಣದ ದಿನವೂ ದೂರದಿಂದ ದೊಡ್ಡ ಅಲೆ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧ. ಮೀನು ಮರಿ ಮಾಡಲಿ ಅನ್ನುವುದು ಅದರ ಮುಖ್ಯ ಉದ್ದೇಶ, ಆದರೆ ಕಡಲು ಆ ಹೊತ್ತಿಗೆ ಹೇಗಿರುತ್ತದೆ ಅನ್ನುವುದೂ ಮೀನುಗಾರರಿಗೆ ಗೊತ್ತು. ಅವರು ದೋಣಿ ಮೇಲೆ ಎಳೆಯುವ ಹೊತ್ತಿಗೆ ನಾವು ಮೊಣಕಾಲುದ್ದಕ್ಕಿಂತ ಮುಂದೆ ಹೋಗದಿದ್ದರೆ ನಷ್ಟವೇನಿಲ್ಲ.

ಘಟ್ಟದ ಮೇಲಿನ ಕಾಡಿಗೆ ಹೋಗುವವರು ಉಣ್ಣಿಯ ವಿಷಯ ಮರೆಯುತ್ತಾರೆ. ಮಂಗನ ಕಾಯಿಲೆ ಹರಡುವುದು ಅದರಿಂದ, ಜಾಸ್ತಿ ಕಾಣಿಸಿಕೊಳ್ಳುವುದು ಮಳೆ ಬೀಳುವ ಮೊದಲಿನ ಒಣ ತಿಂಗಳುಗಳಲ್ಲೇ, ಸಿದ್ದಾಪುರದ ಕಡೆ ಅದರ ಕಾಟ ಆಗಾಗ ಇದೆ. ದರಕಿನ (ಉದುರಿದ ಒಣ ಎಲೆಗಳ) ಮೇಲೆ ಚಾಪೆ ಹಾಸಿ ಊಟಕ್ಕೆ ಕೂರುವುದು ನೋಡಲು ಚೆಂದ. ಕೂರಬೇಡಿ. ಮಂಗ ಸತ್ತ ಸುದ್ದಿ ಇರುವ ಊರಿನ ಕಾಡಿಗೆ ಆ ವರ್ಷ ಹೋಗಲೇಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ದೊಡ್ಡ ಆಸ್ಪತ್ರೆ ಬೇಕು ಅಂತ 2022ರಲ್ಲಿ ಇಡೀ ಜಿಲ್ಲೆಯೇ ಮೊಬೈಲಿನಲ್ಲಿ ಕೂಗಿತ್ತು, ನೆನಪಿದೆಯಲ್ವಾ. ಏನಾದರೂ ಆದರೆ ಮಣಿಪಾಲವೋ, ಹುಬ್ಬಳ್ಳಿಯೋ, ಗೋವಾವೋ ಅಂತ ದಿಕ್ಕು ಹುಡುಕಬೇಕಾದ ಜಿಲ್ಲೆಯಲ್ಲಿ ಅಂಜುವುದರಲ್ಲಿ ನಾಚಿಕೆ ಇಲ್ಲ.

ಟಿಕೆಟ್ಟು, ಕೊನೆಯ ಬಸ್ಸು, ಶೌಚಾಲಯ

2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಮಾಡಿದ ಶಕ್ತಿ ಯೋಜನೆ ಬಂದಮೇಲೆ ನಮ್ಮ ಮನೆಗಳ ತಿರುಗಾಟದ ಲೆಕ್ಕವೇ ಬದಲಾಗಿದೆ. ಅಮ್ಮ, ಅತ್ತೆ, ಮಗಳು ಮೂವರಿಗೆ ಶಿರಸಿಯಿಂದ ಮುರ್ಡೇಶ್ವರಕ್ಕೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಅದೇ ಕಾರವಾರದಿಂದ ಮಡಗಾಂವ್‌ಗೆ ಹೋದರೆ ಗಡಿ ದಾಟುವುದರಿಂದ ದುಡ್ಡು ಕೊಡಬೇಕು. ಹಿಂದೆ ಹತ್ತಿರ, ಅಗ್ಗ ಅಂತ ಗೋವಾ ಕಡೆ ಮುಖ ಮಾಡುತ್ತಿದ್ದವರಿಗೆ ಈಗ ದೂರವಾದರೂ ಸ್ವಂತ ಜಿಲ್ಲೆ ಅಗ್ಗ. ನಮ್ಮ ಅತ್ತೆ ಅರವತ್ತೆಂಟನೇ ವರ್ಷದಲ್ಲಿ ಮೊದಲ ಸಲ ಸ್ವರ್ಣವಲ್ಲಿ, ಇಡಗುಂಜಿ, ಮುರ್ಡೇಶ್ವರ ಮೂರನ್ನೂ ಗೆಳತಿಯರ ಜೊತೆ ನೋಡಿ ಬಂದರು, ಮಾವನನ್ನು ಕೇಳದೆ. ಪ್ರವಾಸೋದ್ಯಮ ಅಂತ ಹೆಸರಿಲ್ಲದೆ ನಡೆದ ದೊಡ್ಡ ಪ್ರವಾಸೋದ್ಯಮ ಇದು.

ಆದರೆ ಬಸ್ಸಿನ ವೇಳಾಪಟ್ಟಿ ತಿರುಗಾಡುವವರಿಗಾಗಿ ಮಾಡಿದ್ದಲ್ಲ. ಹಳ್ಳಿ ಬಸ್ಸುಗಳು ಶಾಲೆ, ಕಾಲೇಜು, ಹಾಲು, ಕಚೇರಿ ನೋಡಿಕೊಂಡು ಓಡುತ್ತವೆ. ಬೆಳಿಗ್ಗೆ ಊರಿಂದ ಪೇಟೆಗೆ, ಸಂಜೆ ಪೇಟೆಯಿಂದ ಊರಿಗೆ. ತಿರುಗಾಡುವವನಿಗೆ ಬೇಕಾದದ್ದು ಸರಿಯಾಗಿ ಇದರ ಉಲ್ಟಾ. ಬೆಳಿಗ್ಗೆ ಪೇಟೆಯಿಂದ ಹಳ್ಳಿಗೆ, ಕತ್ತಲಾದ ಮೇಲೆ ಹಳ್ಳಿಯಿಂದ ಪೇಟೆಗೆ. ಶಾಲೆಗೆ ರಜೆ ಬಂದಾಗ ಕೆಲವು ಬಸ್ಸುಗಳಲ್ಲಿ ಸೀಟು ಖಾಲಿ ಹೊಡೆಯುತ್ತದೆ, ಆ ಆರು ವಾರ ಅವನ್ನೇ ಸಹಸ್ರಲಿಂಗಕ್ಕೋ ಯಾಣಕ್ಕೋ ತಿರುಗಿಸಿದರೆ ಹೊಸ ಬಸ್ಸು ಖರೀದಿಸುವ ಮಾತೇ ಬರುವುದಿಲ್ಲ. ಹೊಸ ರೋಪ್‌ವೇ, ಗಾಜಿನ ಸೇತುವೆ ಅಂತ ಭಾಷಣ ಕೇಳಿದಾಗೆಲ್ಲ ನನಗೆ ಅನಿಸುವುದು, ರಾತ್ರಿ ಎಂಟಕ್ಕೆ ವಾಪಸ್ ಬರುವ ಒಂದು ಬಸ್ಸು ಕೊಟ್ಟರೆ ಅದಕ್ಕಿಂತ ಜಾಸ್ತಿ ಜನ ಕಡಲು ನೋಡುತ್ತಾರೆ. ಕಡಲಿಗೆ ಹೋಗುವ ಹೊತ್ತು ಸಂಜೆ ಅಂದೆನಲ್ಲ, ಸೂರ್ಯ ಮುಳುಗುವ ಹೊತ್ತಿಗೆ ಘಟ್ಟದ ಮೇಲಿನವರು ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತಾರೆ.

ಕರಾವಳಿಯವರಿಗೆ ರೈಲೊಂದಿದೆ. ಕೊಂಕಣ ರೈಲು 1998ರಲ್ಲಿ ಪೂರ್ತಿಯಾಯಿತು. ಎಲ್ಲ ಕಡೆ ನಿಲ್ಲುವ ಪ್ಯಾಸೆಂಜರ್ ಗಾಡಿಯಲ್ಲಿ ಅಂಕೋಲಾ, ಗೋಕರ್ಣ ರೋಡ್, ಕುಮಟಾ, ಹೊನ್ನಾವರ, ಮುರ್ಡೇಶ್ವರ, ಭಟ್ಕಳ ಅಂತ ಸೆಕೆ ತಾಗದೆ, ಹೊಳೆಗಳ ಮೇಲೆ ಹಾದು ಹೋಗಬಹುದು. ಮಕ್ಕಳಿಗೆ ಸುರಂಗ ಎಣಿಸುವುದೇ ಒಂದು ಪ್ರವಾಸ. ತೊಂದರೆ ಏನೆಂದರೆ ನಿಲ್ದಾಣ ಒಂದು ಕಡೆ, ಊರು ಒಂದು ಕಡೆ. ಕಾರವಾರದ ನಿಲ್ದಾಣ ಶಿರವಾಡದಲ್ಲಿ, ಗೋಕರ್ಣದ್ದು ಮಾದನಗೇರಿ ಹತ್ತಿರ. ರೈಲಿನ ಟಿಕೆಟ್ಟಿಗಿಂತ ರಿಕ್ಷಾದ ಬಾಡಿಗೆ ಜಾಸ್ತಿ. ಶಿರಸಿಗೆ ಆ ಭಾಗ್ಯವೂ ಇಲ್ಲ, ಹುಬ್ಬಳ್ಳಿ-ಅಂಕೋಲಾ ರೈಲಿನ ಮಾತು ನಾನು ಶಾಲೆಗೆ ಹೋಗುವಾಗಿನಿಂದ ಕೇಳುತ್ತಿದ್ದೇನೆ.

ಕೊನೆಯ ಬಸ್ಸಿನ ಸಮಸ್ಯೆಗೆ ನಮ್ಮ ಹಿರಿಯರ ಹತ್ತಿರ ಒಂದು ಉತ್ತರ ಇತ್ತು. ಯಕ್ಷಗಾನ. ಸಂಜೆ ಬಸ್ಸಿಗೆ ಆಟದ ಊರಿಗೆ ಹೋಗುವುದು, ಇಡೀ ರಾತ್ರಿ ನೋಡುವುದು, ಬೆಳಗಿನ ಮೊದಲ ಬಸ್ಸಿಗೆ ವಾಪಸ್. ಸೆಕೆಯೂ ಇಲ್ಲ, ಲಾಡ್ಜಿನ ಖರ್ಚೂ ಇಲ್ಲ. ಮೇ ತಿಂಗಳವರೆಗೆ ಮೇಳಗಳ ತಿರುಗಾಟ ಇರುತ್ತದೆ. ಈಗ ಕಾಲಮಿತಿ ಆಟಗಳು ಬಂದು ರಾತ್ರಿ ಒಂದು ಗಂಟೆಗೆ ಮಂಗಳ ಹಾಡಿದರೆ, ಬಸ್ಸಿಲ್ಲದವನು ಬೆಳಗಿನವರೆಗೆ ಅಂಗಡಿ ಕಟ್ಟೆಯ ಮೇಲೆ ಕೂರಬೇಕು. ಕಾಲಮಿತಿ ಅನ್ನುವುದು ಬೈಕು, ಕಾರು ಇದ್ದವರ ಅನುಕೂಲ, ಇದನ್ನು ಯಾರೂ ಹೇಳುವುದಿಲ್ಲ.

ಶೌಚಾಲಯದ ಬಗ್ಗೆ ಗಂಡಸರು ಬರೆಯುವುದು ಕಡಿಮೆ. ಅಕ್ಕ ಹೇಳಿದ ಮೇಲೆ ನನಗೂ ಕಾಣತೊಡಗಿತು. ಎಲ್ಲಿಗಾದರೂ ಹೊರಡುವ ದಿನ ಅವಳು ಬೆಳಿಗ್ಗೆಯಿಂದ ನೀರನ್ನೇ ಕುಡಿಯುವುದಿಲ್ಲ. ಮೇ ತಿಂಗಳ ಸೆಕೆಯಲ್ಲಿ, ದಿನವಿಡೀ ಬಿಸಿಲಿನಲ್ಲಿ, ನೀರು ಕುಡಿಯದೆ. ಆಸರಿಗೆ ಏನು ಬೇಕು ಅಂತ ಕೇಳದೆ ಬಂದವರನ್ನು ಒಳಗೆ ಕೂರಿಸಿಕೊಳ್ಳದ ಜಿಲ್ಲೆ ನಮ್ಮದು. ಮುರುಗಲ ಪಾನಕ, ನೀರುಮಜ್ಜಿಗೆ, ಅಪ್ಪೆಹುಳಿ ಎಲ್ಲ ಇದೆ, ಕುಡಿದ ಮೇಲೆ ಹೋಗಲು ಜಾಗವಿಲ್ಲ. ಹೋಟೆಲು, ರೆಸಾರ್ಟಿನಲ್ಲಿ ಉಳಿಯುವ ಹೊರಗಿನವರಿಗೆ ಇದು ಸಮಸ್ಯೆಯೇ ಅಲ್ಲ, ಅವರಿಗೆ ರೂಮಿದೆ. ಬುತ್ತಿ ಕಟ್ಟಿಕೊಂಡು ಬಂದು ಸಂಜೆ ವಾಪಸ್ ಹೋಗುವವರಿಗೆ ಬೇಕಾದದ್ದು ಮೂರೇ: ನೆರಳು, ಕುಡಿಯುವ ನೀರು, ಬಾಗಿಲು ಹಾಕಲು ಬರುವ ಶೌಚಾಲಯ. ಇಲ್ಲೇ ಉಳಿಯುವವರನ್ನು ಎಣಿಸಿ ಪ್ರವಾಸೋದ್ಯಮ ಮಾಡಿದರೆ ಈ ಮೂರು ಲೆಕ್ಕಕ್ಕೇ ಬರುವುದಿಲ್ಲ.

ಈ ವರ್ಷ ಹುಡುಗ ಬಂದಾಗ ಜಲಪಾತದ ಮಾತೇ ಎತ್ತಲಿಲ್ಲ. ಬೆಳಿಗ್ಗೆ ಶಂಕರಹೊಂಡದ ಹತ್ತಿರ ಸ್ವಲ್ಪ ಹೊತ್ತು ನಿಂತು ಕುಮಟಾ ಬಸ್ಸು ಹತ್ತಿದೆವು, ಅಘನಾಶಿನಿಯಲ್ಲಿ ದೋಣಿ ದಾಟಿದೆವು, ತದಡಿಯಲ್ಲಿ ದೋಣಿಗಳನ್ನು ನೋಡಿದೆವು, ಬಿಸಿಲು ಇಳಿದ ಮೇಲೆ ಸಾಣಿಕಟ್ಟೆಯ ಆಗರದ ಬದಿಗೆ ಹೋದೆವು. ಅಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರು ಅವನ ಕೈಗೆ ಒಂದು ಮುಷ್ಟಿ ಉಪ್ಪು ಕೊಟ್ಟರು. ಅವನು ಅದನ್ನು ಚಡ್ಡಿಯ ಕಿಸೆಗೆ ತುಂಬಿಕೊಂಡ. ಸೂರ್ಯ ಮುಳುಗುವುದನ್ನು ನೋಡಲಾಗಲಿಲ್ಲ, ಬಸ್ಸು ತಪ್ಪುತ್ತಿತ್ತು. ದೇವಿಮನೆ ಘಟ್ಟ ಹತ್ತುವಾಗ ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದ, ಕಿಸೆಯ ಉಪ್ಪು ಪಸೆಯೊಡೆದು ಚಡ್ಡಿ ಒದ್ದೆಯಾಗಿತ್ತು, ಪಕ್ಕದ ಸೀಟಿನ ಹೆಂಗಸು ಬೇರೆ ಏನೋ ತಿಳಿದುಕೊಂಡು ಸ್ವಲ್ಪ ಸರಿದು ಕೂತರು.